ಆರ್‌ವಿ-7ಕ್ಕೆ ಎರಡನೇ ಗಾಳಿದಾರಿ: ನಾನು ಹಾಕಿದ್ದು ಯಾಕೆ, ಹೇಗೆ

ಮನೆಯಲ್ಲೇ ಕಟ್ಟಿಕೊಳ್ಳುವ ಪುಟ್ಟ ವಿಮಾನ ಆರ್‌ವಿ-7ರಲ್ಲಿ ಲೈಕಮಿಂಗ್ ಐಒ-360-ಎಂ1ಬಿ ಎಂಜಿನ್ ಕೂರಿಸಿದರೆ ಅದಕ್ಕೆ ಗಾಳಿ ಬರುವ ದಾರಿ ಒಂದೇ. ಕೌಲಿಂಗ್‌ನ (ಎಂಜಿನ್ ಮುಚ್ಚುವ ಹೊದಿಕೆಯ) ಎಡಬಾಯಿಂದ ಬಂದ ಗಾಳಿ ಫಿಲ್ಟರ್ ದಾಟಿ, ಸ್ನಾರ್ಕೆಲ್ ಎಂಬ ಫೈಬರ್‌ಗ್ಲಾಸ್ ಕೊಳವೆಯಲ್ಲಿ ಇಳಿದು, ಗಾಳಿಗೆ ತಕ್ಕಷ್ಟು ಇಂಧನ ಅಳೆದು ಕೊಡುವ ಇಂಧನ ಸರ್ವೋ ಸೇರುತ್ತದೆ. ಆ ಫಿಲ್ಟರ್ ಕಟ್ಟಿಕೊಂಡರೆ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದೂ ಎಂಜಿನ್ ನಿಲ್ಲುತ್ತದೆ. ಕಾರ್ಬ್ಯುರೇಟರ್ ಎಂಜಿನ್ ಇರುವವರಿಗೆ ಸಾಮಾನ್ಯವಾಗಿ ಈ ಯೋಚನೆ ಬೇಕಿಲ್ಲ. ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಕಾರ್ಬ್ ಹೀಟ್ ಬಾಗಿಲೇ ಹೆಚ್ಚಾಗಿ ಅವರಿಗೆ ಎರಡನೇ ದಾರಿ. ಪ್ರಶ್ನೆ ಇರುವುದು ನಮ್ಮಂಥ ಇಂಜೆಕ್ಷನ್ ಎಂಜಿನ್‌ನವರಿಗೆ.

ಅಮೆರಿಕದ ಹಳೆಯ ಭಾಗ 23 ನಿಯಮಗಳು ಪ್ರಮಾಣೀಕೃತ ವಿಮಾನದ ಪಿಸ್ಟನ್ ಎಂಜಿನ್‌ಗೆ ಎರಡು ಪ್ರತ್ಯೇಕ ಗಾಳಿದಾರಿ ಇರಲೇಬೇಕು ಎನ್ನುತ್ತಿದ್ದವು. ಮನೆಯಲ್ಲಿ ಕಟ್ಟಿದ ಪ್ರಾಯೋಗಿಕ ವಿಮಾನಕ್ಕೆ ಆ ಕಟ್ಟುಪಾಡಿಲ್ಲ, ತೀರ್ಮಾನ ಕಟ್ಟುವವರದ್ದೇ. "ನಾನು ಮೋಡದೊಳಗೆ ಹೋಗುವುದಿಲ್ಲ, ನನಗೇಕೆ?" ಎನ್ನುವವರು ಮೋಡದೊಳಗಿನ ಹಿಮವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರುತ್ತಾರೆ. ಸೊನ್ನೆ ಡಿಗ್ರಿಯ ಆಸುಪಾಸಿನ ಹಸಿಹಿಮ ಮೋಡದ ಹೊರಗೂ ಫಿಲ್ಟರ್ ಮುಖಕ್ಕೆ ಮೆತ್ತಿಕೊಳ್ಳುತ್ತದೆ. ಹಕ್ಕಿ, ಪ್ಲಾಸ್ಟಿಕ್ ಚೀಲ, ಜೋರುಮಳೆಯಲ್ಲಿ ನೆನೆದ ಫಿಲ್ಟರ್, ಇವಕ್ಕೆ ಋತುವೇ ಇಲ್ಲ. ಫಿಲ್ಟರ್ ಇದ್ದರೆ, ಅದು ಕಟ್ಟಿಕೊಂಡಾಗ ತೆರೆಯಲು ಸ್ನಾರ್ಕೆಲ್‌ನಲ್ಲಿ ಒಂದು ಬಾಗಿಲೂ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಒಂದು ಮಾತು: ಕೆಟ್ಟದಾಗಿ ಮಾಡಿದ ಬಾಗಿಲಿಗಿಂತ ಬಾಗಿಲಿಲ್ಲದಿರುವುದೇ ವಾಸಿ. ಫಿಲ್ಟರ್‌ನ ಈಚೆ ಕಳಚಿದ ಒಂದು ನಟ್ಟು ನೇರ ಸರ್ವೋಗೇ ಹೋಗುತ್ತದೆ.

ಮೊದಲು ಬಾಗಿಲಿನ ತೂತಿನ ಅಳತೆ. ಎಂಜಿನ್ ಗಾತ್ರ 5.9 ಲೀಟರ್. 2700 ಆರ್‌ಪಿಎಂನಲ್ಲಿ ನಿಮಿಷಕ್ಕೆ 1350 ಸಲ ಅಷ್ಟು ಗಾಳಿ ಎಳೆದರೆ ಸೆಕೆಂಡಿಗೆ ಹೆಚ್ಚೆಂದರೆ 133 ಲೀಟರ್. ಚೂಪಂಚಿನ 2 ಇಂಚು ತೂತಿನಲ್ಲಿ ಇಷ್ಟು ಗಾಳಿ ನುಗ್ಗಬೇಕಾದರೆ ಸುಮಾರು 2 ಇಂಚು ಪಾದರಸದಷ್ಟು ಒತ್ತಡ ಅಲ್ಲೇ ಕರಗುತ್ತದೆ. 2.5 ಇಂಚಿಗೆ ನಷ್ಟ 0.8ಕ್ಕೆ ಇಳಿಯುತ್ತದೆ, 3 ಇಂಚಿಗೆ 0.4. ನಾನು 3 ಇಂಚೇ ಕೊರೆದೆ. ಇದರ ಮೇಲೆ, ಬಾಗಿಲು ಕೌಲಿಂಗ್ ಒಳಗಿರುವುದರಿಂದ, ಹಾರುವಾಗ ಮುಂದಿನಿಂದ ನುಗ್ಗುವ ಗಾಳಿಯ ಒತ್ತಡವೂ ಕೈಬಿಡುತ್ತದೆ. 8000 ಅಡಿಯಲ್ಲಿ 160 ನಾಟ್ ವೇಗಕ್ಕೆ ಅದು ಹೆಚ್ಚುಕಡಿಮೆ 1 ಇಂಚು. ಕೌಲಿಂಗ್ ಒಳಗಿನ ಗಾಳಿ ಬಿಸಿ ಬೇರೆ: ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಏರಿಕೆಗೆ ಶಕ್ತಿ ಸುಮಾರು ಶೇ 1 ಕಡಿಮೆ. ಇವೆಲ್ಲ ಕಳೆದ ಮೇಲೂ ಮಟ್ಟಸ ಹಾರುವಷ್ಟು ಉಳಿಯಬೇಕು.

ಆಮೇಲೆ, ಬಾಗಿಲು ಯಾವ ಕಡೆಗೆ ತೆರೆಯಬೇಕು. ಫಿಲ್ಟರ್ ಕಟ್ಟಿದಾಗ ಸ್ನಾರ್ಕೆಲ್ ಒಳಗೆ 5 ಇಂಚು ಪಾದರಸದಷ್ಟು ಹೀರಿಕೆ ಇದ್ದರೂ 3 ಇಂಚು ಬಾಗಿಲನ್ನು ಸುಮಾರು 8 ಕೆಜಿ ಬಲ ಒಳಕ್ಕೆ ಒತ್ತಿರುತ್ತದೆ. 10 ಇಂಚಾದರೆ 16 ಕೆಜಿ. ಹಿಂಜ್ ಹಾಕಿ ಹೊರಕ್ಕೆ ತೆರೆಯುವ ಬಾಗಿಲು ಮಾಡಿದರೆ ಅಷ್ಟನ್ನೂ ಒಂದು ತೆಳು ತಂತಿ ಎಳೆಯಬೇಕು. ಒಳಕ್ಕೆ ತೆರೆಯುವುದಾದರೆ ಹೀರಿಕೆಯೇ ನೆರವಿಗೆ ಬರುತ್ತದೆ, ಆದರೆ ಹಿಂಜ್ ಮುರಿದರೆ ತುಂಡು ಒಳಗೇ ಬೀಳುತ್ತದೆ. ಸ್ಪ್ರಿಂಗ್ ಹಾಕಿದ, ತಾನಾಗಿ ತೆರೆಯುವ ಬಾಗಿಲು ಸೆಸ್ನಾ 172ಎಸ್‌ನಲ್ಲಿದೆ, ಕೆಲಸ ಮಾಡುತ್ತದೆ. ಆದರೆ ಸ್ಪ್ರಿಂಗ್‌ನ ಬಿಗಿ ಹೊಂದಿಸುವುದು ಕಷ್ಟ. ಸಡಿಲವಾದರೆ ಗಾಳಿಯ ಮಿಡಿತಕ್ಕೆ ಬಡಿದು ಸವೆಯುತ್ತದೆ. ನಾನು ಆರಿಸಿಕೊಂಡದ್ದು ಹೊರಮೈಗೆ ಅಂಟಿಕೊಂಡು ಪಕ್ಕಕ್ಕೆ ತಿರುಗುವ ತಟ್ಟೆ. ಮಾಮೂಲಿ ಹಾರಾಟದಲ್ಲಿ ಹೀರಿಕೆ ಅದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ, ತೆರೆಯುವಾಗ ಉಜ್ಜುವಿಕೆಯನ್ನಷ್ಟೇ ಗೆಲ್ಲಬೇಕು: 8 ಕೆಜಿ ಒತ್ತಿಗೆ ಎರಡೂವರೆ ಕೆಜಿ ಎಳೆತ.

ಜಾಗ ಸ್ನಾರ್ಕೆಲ್‌ನ ಅಡಿಭಾಗ, ಎಕ್ಸಾಸ್ಟ್ ಪೈಪಿನ ಜಾರುಕೀಲುಗಳಿಂದ ದೂರ. ಅಲ್ಲಿ ಸೋರಿದ ಹೊಗೆ ಎಂಜಿನ್ ಒಳಗೆ ಹೋಗಬಾರದು. ದುಂಡು ಮೈಯನ್ನು ಎಪಾಕ್ಸಿ, ಫ್ಲಾಕ್ಸ್ (ಹತ್ತಿಯ ನಾರಿನ ಪುಡಿ) ತುಂಬಿ ಸಮತಟ್ಟು ಮಾಡಿಕೊಂಡೆ. ಹೊರಗೆ 0.063 ಇಂಚಿನ 2024-ಟಿ3 ಅಲ್ಯೂಮಿನಿಯಂ ಬಳೆ, ಒಳಗೆ ತೆಳು ಬಳೆ, ನಡುವೆ ಫೈಬರ್‌ಗ್ಲಾಸ್, ಮೂರನ್ನೂ ಹಿಡಿದು ರಿವೆಟ್. ಒಳಬಳೆಯ ಮೇಲೆ ಒಂದು ಪದರ ಗ್ಲಾಸ್ ಬಟ್ಟೆ ಹೊದಿಸಿದೆ. ತಟ್ಟೆ 1 ಮಿಮೀ ಸ್ಟೇನ್‌ಲೆಸ್. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಉಜ್ಜಿದರೆ ಕಚ್ಚಿಕೊಳ್ಳುತ್ತದೆ. ಹೊರಬಳೆಗೆ ಒಂದು ಕಿವಿ ಬಿಟ್ಟು, ಅದು ಸ್ನಾರ್ಕೆಲ್ ಗೋಡೆಯಾಚೆ ಒಂದು ಇಂಚು ಚಾಚುವಂತೆ ಕತ್ತರಿಸಿದೆ. ತಟ್ಟೆ ತಿರುಗುವ ಎಎನ್3 ಬೋಲ್ಟ್ ಆ ಕಿವಿಯಲ್ಲೇ ಇದೆ, ಹಾಗಾಗಿ ಅದು ಕಳಚಿದರೂ ಬೀಳುವುದು ಹೊರಗೆ. ನಟ್ಟು ಪೂರ್ತಿ ಲೋಹದ ಎಎನ್363. ನೈಲಾನ್ ನಟ್ಟಿಗೆ ಈ ಬಿಸಿ ಆಗದು. ತೂತಿಗೆ ಜಾಲರಿ ಹಾಕಬೇಡಿ, ಅದುರಿ ಮುರಿದ ಎಳೆ ಒಳಗೇ ಹೋಗುತ್ತದೆ. ಸಿಲಿಕೋನ್ ಸೀಲಂಟ್ ಕೂಡ ಒಳಮೈಗೆ ಬೇಡ, ಸಿಪ್ಪೆ ಸುಲಿದು ಬರುತ್ತದೆ.

ಕಾಕ್‌ಪಿಟ್‌ನಿಂದ ತಟ್ಟೆಗೆ ಬರುವ ಕೇಬಲ್ ಎಳೆದರೆ ಬಾಗಿಲು ತೆರೆಯಬೇಕು, ತಳ್ಳಿದರೆ ಅಲ್ಲ. ತಳ್ಳಿದ ತಂತಿ ಬಾಗುತ್ತದೆ. ಕೇಬಲ್ ಕವಚವನ್ನು ಬಿಗಿಹಿಡಿಯುವ ಕ್ಲಾಂಪ್ ಸ್ನಾರ್ಕೆಲ್ ಮೇಲೇ ಇರಲಿ. ಫೈರ್‌ವಾಲ್‌ನಿಂದ (ಎಂಜಿನ್, ಕಾಕ್‌ಪಿಟ್ ನಡುವಿನ ಗೋಡೆಯಿಂದ) ಅಲ್ಲಿಗೆ ಒಂದು ಸಡಿಲ ಸುತ್ತು ಬಿಡಿ, ಇಲ್ಲದಿದ್ದರೆ ಎಂಜಿನ್ ಅಲುಗಿದಾಗಲೆಲ್ಲ ಬಾಗಿಲು ತಾನಾಗಿ ಕೊಂಚ ಬಾಯಿಬಿಡುತ್ತದೆ.

ಪರೀಕ್ಷೆಯಲ್ಲಿ ಬಹಳ ಜನ ತಪ್ಪುವುದು ಇಲ್ಲಿ: ಫಿಲ್ಟರ್ ಚೊಕ್ಕಟವಾಗಿರುವಾಗ ಬಾಗಿಲು ತೆರೆದು ನೋಡಿ, ಮ್ಯಾನಿಫೋಲ್ಡ್ ಪ್ರೆಶರ್ (ಸಿಲಿಂಡರ್‌ಗಳಿಗೆ ಹೋಗುವ ಗಾಳಿಯ ಒತ್ತಡ) ಇಳಿಯಲಿಲ್ಲ, ಸರಿಯಿದೆ ಎನ್ನುತ್ತಾರೆ. ಅದರಿಂದ ಏನೂ ಸಾಬೀತಾಗದು, ಗಾಳಿ ಇನ್ನೂ ಫಿಲ್ಟರ್‌ನಿಂದಲೇ ಬರುತ್ತಿರುತ್ತದೆ. ನಾನು 3 ಮಿಮೀ ಪ್ಲೈವುಡ್ ಕತ್ತರಿಸಿ ಫಿಲ್ಟರ್‌ನ ಮುಂದೆ ಭದ್ರವಾಗಿ ಕೂರಿಸಿ ಕೌಲಿಂಗ್ ಮುಚ್ಚಿದೆ. ಬಾಲ ಕಟ್ಟಿ, ಚಕ್ರಕ್ಕೆ ಅಡೆ ಕೊಟ್ಟು, ಅಗ್ನಿಶಾಮಕ ಹತ್ತಿರ ಇಟ್ಟು, ಬಾಗಿಲು ತೆರೆದೇ ಸ್ಟಾರ್ಟ್ ಮಾಡಿ, ಆಯಿಲ್ ಬಿಸಿಯಾದ ಮೇಲೆ ಪೂರ್ಣ ಥ್ರಾಟಲ್ 10 ಸೆಕೆಂಡ್. ಮ್ಯಾನಿಫೋಲ್ಡ್ ಪ್ರೆಶರ್ ಪ್ಲೈವುಡ್ ಇಲ್ಲದಾಗಿನ ಓದಿಗಿಂತ 0.6 ಇಂಚು ಕಡಿಮೆ ಬಂತು. ಎರಡನೇ ಸಲ ಬಾಗಿಲು ಮುಚ್ಚಿ, ಎಂಜಿನ್ ತೊದಲುವವರೆಗೆ ಥ್ರಾಟಲ್ ಏರಿಸಿ, ಆ ಹೀರಿಕೆಯಲ್ಲೇ ಕೇಬಲ್‌ನ ಗುಬ್ಬಿ ಎಳೆದು ನೋಡಿದೆ. ಬಿಗಿಯೆನಿಸಿದರೆ ಥ್ರಾಟಲ್ ಸ್ವಲ್ಪ ಹಿಂದೆ ತನ್ನಿ, ಹೀರಿಕೆ ಇಳಿದು ತಟ್ಟೆ ಸಡಿಲಾಗುತ್ತದೆ. ಗಾಳಿಯಲ್ಲೂ ಇದೇ ಉಪಾಯ.

ಕಾನ್‌ಸ್ಟಂಟ್ ಸ್ಪೀಡ್ ಪ್ರೊಪೆಲ್ಲರ್ ಇದ್ದರೆ ಆರ್‌ಪಿಎಂ ಹಾಗೇ ಇದ್ದು ಮ್ಯಾನಿಫೋಲ್ಡ್ ಪ್ರೆಶರ್ ಮಾತ್ರ ಮೆಲ್ಲಗೆ ಇಳಿಯುವುದೇ ಫಿಲ್ಟರ್ ಕಟ್ಟುತ್ತಿದೆ ಎಂಬುದಕ್ಕೆ ಮೊದಲ ಸುಳಿವು. ಬಾಗಿಲು ತೆರೆದ ಮೇಲೆ ಬಿಸಿಗಾಳಿಗೆ ಮಿಶ್ರಣದಲ್ಲಿ ಇಂಧನದ ಪಾಲು ಹೆಚ್ಚುತ್ತದೆ, ಸ್ವಲ್ಪ ಲೀನ್ ಮಾಡಬೇಕು, ಅಂದರೆ ಇಂಧನ ತಗ್ಗಿಸಬೇಕು. ಹಿಮದಿಂದ ಕಟ್ಟಿದ್ದರೆ ಈ ಬಾಗಿಲು ವಾಪಸ್ ತಿರುಗಲಿಕ್ಕೆ, ಮುಂದೆ ಹೋಗಲಿಕ್ಕಲ್ಲ. ನೆಲದ ಮೇಲೆ ಧೂಳಿನಲ್ಲಿ ತೆರೆಯಲೇಬೇಡಿ.

ಮುಚ್ಚಿದ ಬಾಗಿಲು ನಿಜಕ್ಕೂ ಮುಚ್ಚಿದೆಯೇ ಎಂದು ತಿಳಿಯಲು ಸ್ನಾರ್ಕೆಲ್‌ನ ಒಳಮೈಗೆ, ಬಾಗಿಲು ದಾಟಿ ಸರ್ವೋ ಕಡೆಗೆ, ಬೆರಳಲ್ಲಿ ತೆಳುವಾಗಿ ಗ್ರೀಸ್ ಸವರಿ. 5 ಗಂಟೆ ಹಾರಿದ ಮೇಲೆ ಅದೇ ಜಾಗವನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಹರಳುಹರಳು ಧೂಳು ಹತ್ತಿದರೆ ತಟ್ಟೆ ಬಾಗಿರಬಹುದು; ಬಿಚ್ಚಿ, ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಸಮವಾಗುವವರೆಗೆ ಉಜ್ಜಿ ಮತ್ತೆ ಕೂರಿಸಿ.