ದಾವಣಗೆರೆಯಿಂದ ಸಿಂಗಾಪುರಕ್ಕೆ ಎಷ್ಟು ತಾಸು? ಅಪ್ಪ ಅಮ್ಮನಿಗೋಸ್ಕರ ನಾನು ಹಾಕಿದ ಲೆಕ್ಕ

ತಮ್ಮ ಸಿಂಗಾಪುರದಲ್ಲಿ ಕೆಲಸದಲ್ಲಿದಾನೆ, ಅಪ್ಪ ಅಮ್ಮನಿಗೆ ಟಿಕೆಟ್ ಕಳಿಸಿದ. ರಾತ್ರಿ 11ಕ್ಕೆ ಬೆಂಗಳೂರು ಬಿಡೋದು, ಬೆಳಿಗ್ಗೆ 6ಕ್ಕೆ ಇಳಿಯೋದು. ಅಮ್ಮ ಬೆರಳು ಎಣಿಸಿ "ಏಳು ತಾಸು ಕುಂತೇ ಇರ್ಬೇಕಾ, ಮೊಣಕಾಲು ಹಿಡ್ಕಂತಾವ ನೋಡಪ್ಪ" ಅಂದ್ರು. ಟಿಕೆಟ್‌ನಲ್ಲಿ ಬರೆದಿರೋದು ಆಯಾ ಊರಿನ ಗಡಿಯಾರದ ಟೈಮು, ಸಿಂಗಾಪುರ ನಮಗಿಂತ ಎರಡೂವರೆ ತಾಸು ಮುಂದೆ, ಅದನ್ನ ಕಳೆದ್ರೆ ಉಳಿಯೋದು ನಾಲ್ಕೂವರೆ. ವಾಪಸ್ ಬರುವಾಗ ಉಲ್ಟಾ, ಅಲ್ಲಿ 8ಕ್ಕೆ ಹತ್ತಿ ಇಲ್ಲಿ 10ಕ್ಕೆ ಇಳಿತಾರೆ, ಎರಡೇ ತಾಸು ಅನ್ಸುತ್ತೆ, ಆದ್ರೆ ಎರಡೂವರೆ ಕೂಡಿಸ್ಕೋಬೇಕು.

ದೂರ ಎಷ್ಟು ಅಂತ ಅಪ್ಪ ಕೇಳಿದ್ರು. ಮಗಳ ಗ್ಲೋಬ್ ತಂದು ಬೆಂಗಳೂರಿಂದ ಸಿಂಗಾಪುರಕ್ಕೆ ದಾರ ಬಿಗಿಯಾಗಿ ಎಳೆದು ಅಳೆದೆ, ಸುಮಾರು ಏಳೂವರೆ ಸೆಂಟಿಮೀಟರ್ ಬಂತು. ಗ್ಲೋಬ್ ಸುತ್ತಳತೆ 94 ಸೆಂಟಿಮೀಟರ್, ಭೂಮಿ ಸುತ್ತಳತೆ ಸುಮಾರು 40,000 ಕಿಮೀ, ಅಂದ್ರೆ ಒಂದು ಸೆಂಟಿಮೀಟರ್‌ಗೆ 425 ಕಿಮೀ. ಗುಣಿಸಿದ್ರೆ 3,180ರ ಆಸುಪಾಸು, ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿದ್ರೂ ಅಷ್ಟೇ ಬರುತ್ತೆ. ಬಿಗಿ ಹಿಡಿದ ದಾರನೇ ಭೂಮಿ ಮೇಲಿನ ಹತ್ತಿರದ ದಾರಿ, ಗೋಡೆ ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಅಳೆದ್ರೆ ಇಷ್ಟು ಸರಿ ಬರಲ್ಲ.

ವಿಮಾನ ಮೇಲೆ ಹೋದ್ಮೇಲೆ ಗಂಟೆಗೆ 850-900 ಕಿಮೀ ಹೋಗುತ್ತೆ, ಹಾಗಾದ್ರೆ ಮೂರೂ ಮುಕ್ಕಾಲು ತಾಸು ಸಾಕಲ್ವಾ ಅಂತ ಅಪ್ಪನ ಪ್ರಶ್ನೆ. ಟಿಕೆಟ್ ಟೈಮಲ್ಲಿ ರನ್‌ವೇವರೆಗೆ ಹೋಗೋದು, ಏರೋದು, ಇಳಿಯೋದು, ಮತ್ತೆ ಗೇಟಿಗೆ ಬರೋದು ಎಲ್ಲಾ ಸೇರಿರುತ್ತೆ, ಅದಕ್ಕೇ ನಾಲ್ಕೂವರೆ.

ಆದ್ರೆ ನನಗೆ ಮುಖ್ಯ ಅನ್ಸಿದ್ದು ಮನೆ ಬಾಗಿಲಿಂದ ಬಾಗಿಲಿಗೆ ಎಷ್ಟು ಅನ್ನೋದು, ವಯಸ್ಸಾದವರು ಸುಸ್ತಾಗೋದು ಆ ತಾಸುಗಳಿಗೇ ಹೊರತು ಕಿಲೋಮೀಟರಿಗಲ್ಲ. ಮಧ್ಯಾಹ್ನ 2ಕ್ಕೆ ಮನೆ ಬಿಡೋದು ಅಂತ ಇಟ್ಕೊಂಡೆ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ದಾಟಿ ಡಾಬಸ್‌ಪೇಟೆ ಹತ್ರ ದೊಡ್ಡಬಳ್ಳಾಪುರದ ಕಡೆ ತಿರುಗಿದ್ರೆ ಬೆಂಗಳೂರು ಸಿಟಿ ಟ್ರಾಫಿಕ್ ತಪ್ಪುತ್ತೆ, ಹಿರಿಯೂರಲ್ಲಿ ಟೀ, ಕಾಲು ಚಾಚೋಕೆ ಒಂದು ಸ್ಟಾಪ್, ಎಲ್ಲಾ ಸೇರಿ ಆರು ತಾಸು. ಇಂಟರ್‌ನ್ಯಾಷನಲ್ ಫ್ಲೈಟ್ ಟರ್ಮಿನಲ್ 2ರಿಂದ, ಮೂರು ತಾಸು ಮೊದಲೇ ಅಲ್ಲಿರಬೇಕು. ಆಮೇಲೆ ನಾಲ್ಕೂವರೆ, ಇಳಿದ್ಮೇಲೆ ಇಮಿಗ್ರೇಶನ್, ಬ್ಯಾಗು, ತಮ್ಮನ ಮನೆ ತಲುಪೋಕೆ ಒಂದೂವರೆ. ಒಟ್ಟು ಹದಿನೈದು ತಾಸು, ಅದರಲ್ಲಿ ನಮ್ಮ ರಸ್ತೆದೇ ಆರು!

ಇದನ್ನೆಲ್ಲಾ ಒಂದೇ ಹಾಳೆಲಿ ಬರೆದೆ, ಭಾರತದ ಟೈಮ್ ಒಂದು ಕಡೆ, ಸಿಂಗಾಪುರದ್ದು ಇನ್ನೊಂದು ಕಡೆ. ಅಪ್ಪನ ಬಿಪಿ ಮಾತ್ರೆ ಇಲ್ಲಿ ಬೆಳಿಗ್ಗೆ 8ಕ್ಕೆ, ಅಂದ್ರೆ ಅಲ್ಲಿ ಹತ್ತೂವರೆಗೆ, ಡಾಕ್ಟರನ್ನ ಕೇಳಿದ್ದಕ್ಕೆ ಅದೇ ಟೈಮಿಗೆ ಕೊಡಿ ಅಂದ್ರು. ಮಾತ್ರೆ ಕೈಚೀಲದಲ್ಲೇ ಇರಲಿ, ದೊಡ್ಡ ಬ್ಯಾಗಿಗೆ ಹಾಕ್ಬೇಡಿ. ಸಿಂಗಾಪುರದ ಅರೈವಲ್ ಕಾರ್ಡ್ ಇಳಿಯೋಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ, ವೀಸಾ ಬೇರೆ, ಅದು ಮೊದಲೇ ಆಗಿರಬೇಕು.

ವಾಪಸ್ ಬರುವಾಗ ರಾತ್ರಿ 10ಕ್ಕೆ ಇಳಿದು ಮತ್ತೆ ಆರು ತಾಸು ಕಾರಲ್ಲಿ ಕೂರಿಸೋದು ಬೇಡ ಅನ್ಸಿ ಯಲಹಂಕದ ಚಿಕ್ಕಮ್ಮನ ಮನೇಲಿ ಮಲಗಿಸಿ ಬೆಳಿಗ್ಗೆ ಹೊರಡಿಸ್ದೆ.