ತಾಯಿ ಗೆಂಡೆಯನ್ನು ತೂಗಲು ಎಂಥ ಜೋಲಿ ಬೇಕು?

ಮುಂಗಾರು ಹಿಡಿದು ಕೊಳಗಳಿಗೆ ಹೊಸ ನೀರು ಬಂತೆಂದರೆ ಮೀನುಮರಿ ಉತ್ಪಾದಕರಿಗೆ ಬಿಡುವಿರುವುದಿಲ್ಲ. ಕಾಟ್ಲಾ, ರೋಹು, ಮೃಗಾಲ್ ಎಂಬ ಗೆಂಡೆ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ; ಹಾರ್ಮೋನು ಚುಚ್ಚುಮದ್ದು ಕೊಡಬೇಕು. ಮೀನು ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಅಲಿಕುನ್ಹಿ ಅವರು ಒಡಿಶಾದ ಅಂಗುಲ್‌ನಲ್ಲಿ ಇದನ್ನು ಸಾಧಿಸಿ ತೋರಿಸಿದ್ದು 1957ರ ಜುಲೈ 10ರಂದು. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತೇವೆ.

ಮದ್ದಿನ ಪ್ರಮಾಣ ನಿಂತಿರುವುದು ಮೀನಿನ ತೂಕದ ಮೇಲೆ. ಆದ್ದರಿಂದ ಪ್ರತಿಯೊಂದು ತಾಯಿ ಮೀನನ್ನೂ ನೀರಿನಿಂದ ಎತ್ತಿ ತೂಗಲೇಬೇಕು. ನಮ್ಮಲ್ಲಿ ಹೆಚ್ಚಿನವರು ಇದಕ್ಕೆ ಕೈಗೆ ಸಿಕ್ಕ ಗೋಣಿಚೀಲವನ್ನೇ ಬಳಸುತ್ತಾರೆ. ಮೊದಲ ವರ್ಷ ನಾನೂ ಹಾಗೆಯೇ ಮಾಡಿದೆ. ತೂಗಿದ ಮೇಲೆ ಚೀಲವನ್ನು ಒಳಮಗ್ಗುಲು ತಿರುವಿದಾಗ ನಾರಿನ ನಡುವೆ ಉಗುರಿನಷ್ಟು ದೊಡ್ಡ ಹುರುಪೆಗಳು ಏಳೆಂಟು ಸಿಕ್ಕಿಕೊಂಡಿದ್ದವು, ಸುತ್ತ ಲೋಳೆ ಅಂಟಿತ್ತು. ವಾರ ಕಳೆಯುವುದರೊಳಗೆ ಆ ಕಾಟ್ಲಾದ ಪಕ್ಕೆಯ ಮೇಲೆ ಹತ್ತಿಯಂತೆ ಬಿಳಿ ಬೂಷ್ಟು ಬೆಳೆದಿತ್ತು. ಮೀನು ಉಳಿಯಲಿಲ್ಲ. ಮೈಮೇಲಿನ ಲೋಳೆಯೇ ಗೆಂಡೆಗೆ ರೋಗ ತಡೆಯುವ ಹೊದಿಕೆ. ಅದು ಉಜ್ಜಿಹೋದ ಕಡೆ ಬೂಷ್ಟು ಬೇರೂರುತ್ತದೆ.

ಗೋಣಿಯ ಬದಲಿಗೆ ಬೇಕಾದದ್ದು ಜೋಲಿ. ಮಗುವನ್ನು ಮಲಗಿಸುವ ಬಟ್ಟೆಯ ಜೋಲಿಯನ್ನು ಕಂಡವರಿಗೆ ಇದರ ಆಕಾರವನ್ನು ವಿವರಿಸಬೇಕಿಲ್ಲ.

ಮೊದಲು ಬಟ್ಟೆಯನ್ನು ನೋಡಿ. ಒದ್ದೆ ಮಾಡಿ ನಿಮ್ಮ ಕೆನ್ನೆಗೆ ಉಜ್ಜಿಕೊಳ್ಳಿ. ಒರಟೆನಿಸಿದರೆ ಮೀನಿಗೂ ಒರಟೇ. ನುಣುಪಾದ ನೈಲಾನ್ ಬಟ್ಟೆ ಅಥವಾ ಗಂಟಿಲ್ಲದ ಸಣ್ಣ ಕಣ್ಣಿನ ಬಲೆ ಒಳ್ಳೆಯದು. ಗಂಟುಬಲೆ ಬೇಡ, ಈಜುರೆಕ್ಕೆಗಳನ್ನು ಸೀಳುತ್ತದೆ. ಹಳೆಯ ಹತ್ತಿ ಪಂಚೆ ಮೆತ್ತಗಿದ್ದರೂ ನೀರು ಕುಡಿದು ಭಾರವಾಗುತ್ತದೆ. ನೀರು ಬಸಿಯದ ರೆಕ್ಸಿನ್ ಆದರೆ ತಳದಲ್ಲಿ ರಂಧ್ರಗಳು ಇರಲೇಬೇಕು, ಇಲ್ಲದಿದ್ದರೆ ಮೀನಿನ ಜೊತೆ ನೀರನ್ನೂ ತೂಗಿದಂತೆ.

ಅಳತೆಯಲ್ಲಿ ಜಿಪುಣತನ ಬೇಡ. ಮೀನು ನೇರವಾಗಿ ಮಲಗಬೇಕು, ಬಾಳೆಹಣ್ಣಿನಂತೆ ಬಾಗಬಾರದು. ಐದಾರು ಕೆ.ಜಿ.ಯ ತಾಯಿ ಮೀನಿಗೆ ಒಂದು ಮೀಟರ್ ಉದ್ದದ ಜೋಲಿ ಸಾಕು. ಎರಡೂ ಉದ್ದ ಅಂಚುಗಳಲ್ಲಿ ಕೊಳವೆಯಂತೆ ಮಡಚಿ ಹೊಲಿದು, ಒಳಗೆ ಪಿ.ವಿ.ಸಿ. ಪೈಪನ್ನೋ ನಯಗೊಳಿಸಿದ ಬಿದಿರನ್ನೋ ತೂರಿಸಬೇಕು. ಕೋಲಿಲ್ಲದ ಜೋಲಿಯನ್ನು ಎತ್ತಿದರೆ ನಡು ಕುಸಿದು ಇಡೀ ಭಾರ ಹೊಟ್ಟೆಯ ಮೇಲೆ ಬೀಳುತ್ತದೆ, ಬಲಿತ ಮೊಟ್ಟೆಗಳು ಅಲ್ಲೇ ಸೋರಿಹೋಗುತ್ತವೆ. ತಲೆ ಮತ್ತು ಬಾಲದ ಕಡೆ ತುದಿಗಳು ಮುಚ್ಚಿರಲಿ. ರೋಹು ಒಮ್ಮೆ ಬಾಲ ಒದರಿತೆಂದರೆ ತೆರೆದ ತುದಿಯಿಂದ ನೇರ ನೆಲಕ್ಕೆ. ಜಿಪ್ ಇದ್ದರೆ ಅದು ಹೊರಮೈಯಲ್ಲಿರಲಿ.

ಇಂಗ್ಲೆಂಡಿನಲ್ಲಿ ಗೆಂಡೆಗೆ ಗಾಳ ಹಾಕುವವರು ಹಿಡಿದ ಮೀನನ್ನು ತೂಗಿ ಮತ್ತೆ ನೀರಿಗೆ ಬಿಡುತ್ತಾರೆ. ಅವರಿಗೆಂದೇ ತಯಾರಾದ ಜೋಲಿಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ, ಚೆನ್ನಾಗಿಯೂ ಇವೆ. ಆದರೆ ಟಾರ್ಪಾಲಿನ್ ಹೊಲಿಯುವ ದರ್ಜಿಗೆ ಅಳತೆ ಕೊಟ್ಟರೆ ನಮ್ಮ ಊರಿನಲ್ಲೇ ಅಷ್ಟೇ ಗಟ್ಟಿಯಾದದ್ದು ಆಗುತ್ತದೆ. ಹೊಲಿಸಿದ ಮೇಲೆ ಮೀನಿನ ಎರಡು ಪಟ್ಟು ತೂಕದ ಮರಳು ತುಂಬಿ ತೂಗುಹಾಕಿ, ಹೊಲಿಗೆ ಬಿಡುತ್ತದೆಯೇ ಎಂದು ಪರೀಕ್ಷಿಸಿ.

ಇನ್ನು ತೂಗುವ ಕ್ರಮ. ಇಬ್ಬರು ಬೇಕು, ಬಿಸಿಲು ತಂಪಾದ ಹೊತ್ತು ಬೇಕು. ಜೋಲಿಯನ್ನು ನೀರಿನಲ್ಲಿ ಅದ್ದಿ, ಬಸಿದು, ಕೊಕ್ಕೆಯ ತಕ್ಕಡಿಗೆ ನೇತುಹಾಕಿ ಮುಳ್ಳನ್ನು ಸೊನ್ನೆಗೆ ತನ್ನಿ. ಒಣ ಜೋಲಿಯಲ್ಲಿ ಸೊನ್ನೆ ಮಾಡಿದರೆ ಲೆಕ್ಕ ತಪ್ಪುತ್ತದೆ. ಒದ್ದೆ ಗೋಣಿಚೀಲವೇ ಒಂದು ಕೆ.ಜಿ. ತೂಗಿತೆಂದುಕೊಳ್ಳಿ: ಕೆ.ಜಿ.ಗೆ 0.4 ಮಿ.ಲೀ. ಮದ್ದಿನ ಲೆಕ್ಕದಲ್ಲಿ ಐದು ಕೆ.ಜಿ. ಮೀನಿಗೆ 2 ಮಿ.ಲೀ. ಸಾಕಾದಲ್ಲಿ 2.4 ಮಿ.ಲೀ. ಹೋಗುತ್ತದೆ. ಮದ್ದಿನ ದುಡ್ಡಿನ ಮಾತು ಹಾಗಿರಲಿ, ಮೀನಿಗೂ ಅದು ಒಳ್ಳೆಯದಲ್ಲ.

ಸೊನ್ನೆ ಮಾಡಿದ ಜೋಲಿಯನ್ನು ಹಾಪಾದೊಳಗೆ, ಅಂದರೆ ಕೊಳದ ನೀರಿನಲ್ಲಿ ಕಟ್ಟಿದ ಬಲೆಬಟ್ಟೆಯ ತೊಟ್ಟಿಯೊಳಗೆ, ನೀರಿನಲ್ಲೇ ಹರಡಿ, ಮೀನು ತಲೆ ಮುಂದಾಗಿ ಒಳಗೆ ಜಾರುವಂತೆ ನಡೆಸಿ. ಕೈಗಳು ಒದ್ದೆಯಾಗಿರಲಿ. ಬಾಲ ಹಿಡಿದು ಎತ್ತುವುದು, ಕಿವಿರಿಗೆ ಬೆರಳು ಹಾಕುವುದು ಸಂತೆಯ ಮೀನಿಗೆ ಸರಿ, ತಾಯಿ ಮೀನಿಗೆ ಅಲ್ಲ. ಎರಡೂ ಕೋಲುಗಳನ್ನು ಕೂಡಿಸಿ, ನೀರು ಬಸಿಯುವವರೆಗೆ ಮಾತ್ರ ತಡೆದು ಎತ್ತಿ. ತಕ್ಕಡಿ ಹಾಪಾದ ಮೇಲೆಯೇ ತೂಗುತ್ತಿದ್ದರೆ ಮೀನು ಜಾರಿದರೂ ನೀರಿಗೇ ಬೀಳುತ್ತದೆ. ಕಣ್ಣಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದರೆ ಒದ್ದಾಟ ಇಳಿಯುತ್ತದೆ. ತೂಕ ಓದಿದೊಡನೆ ಮೀನನ್ನು ನೀರಿಗಿಳಿಸಿ, ಆಮೇಲೆ ಸಿರಿಂಜು ತುಂಬಿ. ಮದ್ದು ಅಳೆಯುವಷ್ಟು ಹೊತ್ತೂ ಮೀನನ್ನು ಗಾಳಿಯಲ್ಲಿ ತೂಗಾಡಿಸುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಸಾಮಾನ್ಯ ಗೆಂಡೆ ಹೇಗೋ ತಡೆದುಕೊಳ್ಳುತ್ತದೆ. ಕಾಟ್ಲಾ ಮತ್ತು ಬೆಳ್ಳಿ ಗೆಂಡೆ ತಡೆಯುವುದಿಲ್ಲ.

ಒಂದು ಕೊಳದ ಜೋಲಿಯನ್ನು ತೊಳೆಯದೆ ಇನ್ನೊಂದಕ್ಕೆ ಒಯ್ಯಬೇಡಿ, ಮೀನು ಹೇನು ಅದರಲ್ಲೇ ಸವಾರಿ ಮಾಡುತ್ತದೆ. ಪೊಟ್ಯಾಸಿಯಂ ಪರ್ಮಾಂಗನೇಟ್ ನೀರಿನಲ್ಲಿ ಅದ್ದಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಒಣಗಿದ ಮೇಲೆ ಬಿಸಿಲಿನಲ್ಲಿ ಬಿಡದೆ ಒಳಗೆ ತೂಗುಹಾಕಿ. ನೈಲಾನ್ ಬಿಸಿಲಿಗೆ ಶಿಥಿಲವಾಗುತ್ತದೆ.