ತೋಟದ ರಸ್ತೆಯಲ್ಲಿ ಓಡುವ ಎಲೆಕ್ಟ್ರಿಕ್ ಬೈಕಿಗೆ ಬೆಲ್ಟ್ ತೆಗೆದು ಚೈನ್ ಹಾಕುವುದು ಹೇಗೆ

ಹೋದ ವರ್ಷ ಆರಿದ್ರಾ ಮಳೆ ಜೋರಾಗಿದ್ದಾಗ, ಆಲ್ದೂರಿನಿಂದ ತೋಟಕ್ಕೆ ಇಳಿಯುವ ಮಣ್ಣು ರಸ್ತೆಯಲ್ಲಿ ನನ್ನ ಎಲೆಕ್ಟ್ರಿಕ್ ಬೈಕಿನ ಬೆಲ್ಟ್ ಕಿತ್ತುಹೋಯಿತು. ಟಪ್ ಅಂತ ಒಂದು ಸದ್ದು. ಆಮೇಲೆ ಆಕ್ಸಿಲರೇಟರ್ ಎಷ್ಟು ತಿರುಗಿಸಿದರೂ ಮೋಟಾರ್ ಸುಯ್ಯನೆ ತಿರುಗುತ್ತದೆ, ಗಾಡಿ ಮಾತ್ರ ಅಲ್ಲೇ. ಬಗ್ಗಿ ನೋಡಿದರೆ ಹುಣಸೆ ಬೀಜದಷ್ಟು ಜಲ್ಲಿ ಚೂರೊಂದು ಬೆಲ್ಟಿಗೂ ಹಿಂದಿನ ಪುಲ್ಲಿಗೂ ನಡುವೆ ಸಿಕ್ಕಿ, ಬೆಲ್ಟನ್ನು ಚುಚ್ಚಿಕೊಂಡು ಆಚೆ ಬಂದಿತ್ತು. ಒಳಗಿನ ದಾರಗಳು ಬಾಳೆ ನಾರಿನ ಹಾಗೆ ಎದ್ದು ನಿಂತಿದ್ದವು. ಗೊಬ್ಬರದ ಪಿಕಪ್‌ನಲ್ಲಿ ಗಾಡಿ ಹೇರಿಕೊಂಡು ಮನೆಗೆ ಬಂದೆ. ಹೊಸ ಬೆಲ್ಟ್ ಬರಲು 22 ದಿನ ಹಿಡಿಯಿತು. ಅಷ್ಟೂ ದಿನ ಊರಿನ ಸ್ಪೇರ್ ಪಾರ್ಟ್ಸ್ ಅಂಗಡಿ ಮುಂದೆ ಹೋಗುವಾಗೆಲ್ಲ ಗೊಂಚಲು ಗೊಂಚಲಾಗಿ ನೇತಾಡುವ ಚೈನುಗಳು ಕಣ್ಣಿಗೆ ಬೀಳುತ್ತಿದ್ದವು. ಚೈನ್ ಹಾಕಿಸುವ ನಿರ್ಧಾರ ಆಗಿದ್ದು ಅಲ್ಲೇ.

ಬೆಲ್ಟ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸದ್ದಿಲ್ಲ, ಎಣ್ಣೆ ಬೇಡ, ಬಟ್ಟೆಗೆ ಮಸಿ ಹತ್ತುವುದಿಲ್ಲ. ನೀವು ಚಿಕ್ಕಮಗಳೂರು, ಹಾಸನ ಅಂತ ಡಾಂಬರು ರಸ್ತೆಯಲ್ಲೇ ಓಡಾಡುವವರಾದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಜಲ್ಲಿ, ಕೆಸರು, ಕೆಂಪು ಮಣ್ಣಿನ ದಾರಿಯಲ್ಲಿ ದಿನಾ ಹತ್ತಿ ಇಳಿಯುವವರಿಗೆ ಮಾತ್ರ ಇದು. ಚೈನಿಗೆ ಕಲ್ಲು ಸಿಕ್ಕರೆ ಸಾಮಾನ್ಯವಾಗಿ ಪುಡಿಯಾಗುತ್ತದೆ ಅಥವಾ ಹಾರಿಹೋಗುತ್ತದೆ. ಚೈನೇ ತುಂಡಾದರೂ ಒಂದು ಚೈನ್ ಲಾಕ್, ಅಂದರೆ ಎರಡು ತುದಿ ಜೋಡಿಸುವ ಲಿಂಕ್, ಹಾಕಿ ಮನೆ ಸೇರಬಹುದು. ಬೆಲ್ಟಿಗೆ ಆ ಅನುಕೂಲ ಇಲ್ಲ. ಎಲೆಕ್ಟ್ರಿಕ್ ಗಾಡಿಗೆ ಚೈನ್ ಹೊಂದುವುದಿಲ್ಲ ಅನ್ನುವವರು ಇದ್ದಾರೆ, ಆದರೆ ಬೆಂಗಳೂರಿನ ಅಲ್ಟ್ರಾವಯೊಲೆಟ್ ಕಂಪನಿಯ ಎಫ್77 ಎಲೆಕ್ಟ್ರಿಕ್ ಬೈಕ್ ಕಾರ್ಖಾನೆಯಿಂದಲೇ ಚೈನ್ ಹಾಕಿಕೊಂಡು ಬರುತ್ತದೆ. ಇನ್ನೊಂದು ಮಾತು. ಇದೆಲ್ಲ ಮೋಟಾರ್ ನಡುವೆ ಇರುವ ಗಾಡಿಗೆ. ಚಕ್ರದ ಹಬ್ಬಿನೊಳಗೇ ಮೋಟಾರ್ ಇದ್ದರೆ ಬೆಲ್ಟೂ ಇಲ್ಲ, ಚೈನೂ ಇಲ್ಲ.

ವಾರಂಟಿ ಇರುವ ಗಾಡಿಯಾದರೆ ಅದು ಹೋಯಿತು ಅಂತಲೇ ತಿಳಿಯಿರಿ. ಇನ್ಶೂರೆನ್ಸ್‌ನವರಿಗೂ ಬರಹದಲ್ಲಿ ತಿಳಿಸಿ. ಮೋಟಾರ್ ಪವರ್ ಜಾಸ್ತಿ ಮಾಡಲು ಹೋಗಬೇಡಿ, ಆರ್‌ಸಿಯ ವಿವರಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಾಯಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ.

ಈಗ ಲೆಕ್ಕ. ಗಾಡಿ ಬಿಚ್ಚುವ ಮೊದಲೇ ಎರಡೂ ಪುಲ್ಲಿಯ ಹಲ್ಲು ಎಣಿಸಿ ಬರೆದಿಡಿ. ಹಿಂದಿನದನ್ನು ಮುಂದಿನದರಿಂದ ಭಾಗಿಸಿದರೆ ಬರುವುದೇ ರೇಶಿಯೊ. ನನ್ನದು ಮುಂದೆ 24, ಹಿಂದೆ 96, ಅಂದರೆ 4. ಚೈನ್ ಹಾಕಿದಾಗಲೂ ಇದಕ್ಕೆ ಹತ್ತಿರವೇ ಇರಲಿ. ಮೋಟಾರ್ ತಿರುಗುವ ಲೆಕ್ಕದಿಂದ ಸ್ಪೀಡ್ ತೋರಿಸುವ ಗಾಡಿಗಳಲ್ಲಿ ರೇಶಿಯೊ ಬದಲಾದರೆ ಮೀಟರ್ ಸುಳ್ಳು ಹೇಳಲು ಶುರು ಮಾಡುತ್ತದೆ. ಮುಳ್ಳಯ್ಯನಗಿರಿ ಕಡೆಯ ಏರು ಹತ್ತುವಾಗ ಮೋಟಾರ್ ಬಿಸಿಯಾಗುತ್ತಿದ್ದರೆ ಹಿಂದೆ ಎರಡು ಮೂರು ಹಲ್ಲು ಜಾಸ್ತಿ ಮಾಡಬಹುದು. ಎಳೆತ ಸಿಗುತ್ತದೆ, ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತದೆ.

ಚೈನ್ ಸೈಜು ಯಾವುದು ಅಂತ ಕೇಳಿದರೆ ನನ್ನ ಉತ್ತರ ಒಂದೇ: ನಿಮ್ಮ ಹತ್ತಿರದ ಪೇಟೆಯ ಅಂಗಡಿಯಲ್ಲಿ ಯಾವುದು ಸಿಗುತ್ತದೋ ಅದು. ನಮ್ಮ ಕಡೆ ಅದು 428, ಸ್ಪ್ಲೆಂಡರ್‌ನಂಥ ಗಾಡಿಗಳಿಗೆ ಬರುವುದು. ಮೂಡಿಗೆರೆಯಲ್ಲಿ ಕೇಳಿ, ಬಾಳೆಹೊನ್ನೂರಿನಲ್ಲಿ ಕೇಳಿ, ಸಿಗುತ್ತದೆ. ಇದರಲ್ಲಿ ಒಂದು ಪಿನ್ನಿನಿಂದ ಇನ್ನೊಂದು ಪಿನ್ನಿಗೆ 12.7 ಎಂಎಂ. ಮೂರು ನಾಲ್ಕು ಕಿಲೋವ್ಯಾಟ್ ಗಾಡಿಗೆ ಧಾರಾಳ ಸಾಕು. ಹತ್ತು ಕಿಲೋವ್ಯಾಟ್ ಮೇಲಿದ್ದರೆ 520 ಹಾಕಿ, ಅದರಲ್ಲಿ ಪಿನ್ನಿನ ಅಂತರ 15.875 ಎಂಎಂ.

ನಾನು ಮುಂದೆ 14, ಹಿಂದೆ 56 ಹಲ್ಲಿನ ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಚಕ್ರ, ಹಾಕಿಸಿದೆ. ಮುಂದೆ 13ಕ್ಕಿಂತ ಕಮ್ಮಿ ಹಾಕಿದರೆ ಚೈನ್ ಬಹಳ ಚೂಪಾಗಿ ಮಡಿಚಿಕೊಂಡು ಹೋಗುತ್ತದೆ, ಬೇಗ ಸವೆಯುತ್ತದೆ, ಗರಗರ ಸದ್ದೂ ಜಾಸ್ತಿ. ಹಿಂದಿನ 56 ಹಲ್ಲಿನದು ಅಂಗಡಿಯಲ್ಲಿ ರೆಡಿ ಸಿಗುವುದು ಕಷ್ಟ. ಪೆಟ್ರೋಲ್ ಬೈಕಿನಲ್ಲಿ ಗೇರ್‌ಬಾಕ್ಸ್ ಒಳಗೇ ಸ್ಪೀಡ್ ಇಳಿಸುವ ಅರ್ಧ ಕೆಲಸ ಆಗಿರುತ್ತದೆ, ಹಿಂದೆ ನಲವತ್ತು ಚಿಲ್ಲರೆ ಹಲ್ಲು ಸಾಕು. ನಮ್ಮದರಲ್ಲಿ ಆ ಕೆಲಸವೆಲ್ಲ ಹಿಂದಿನ ಸ್ಪ್ರಾಕೆಟ್ಟೇ ಮಾಡಬೇಕು. ಅದನ್ನು ಪೀಣ್ಯದಲ್ಲಿ ಇಎನ್8 ಸ್ಟೀಲಿನಲ್ಲಿ ಕಟ್ ಮಾಡಿಸಿ, ತೂತು ಮತ್ತು ಸ್ಪೇಸರ್ (ಸ್ಪ್ರಾಕೆಟ್ಟನ್ನು ಸರಿಯಾದ ಗೆರೆಗೆ ತರಲು ನಡುವೆ ಹಾಕುವ ಬಳೆ) ಕೆಲಸ ಹಾಸನದ ಒಂದು ಲೇತ್‌ನಲ್ಲಿ ಮಾಡಿಸಿದೆ. ಅಲ್ಲಿನ ಹಿರಿಯರು ನನ್ನ ಅಳತೆ ಚೀಟಿ ಮುಟ್ಟಲೇ ಇಲ್ಲ. "ಚೀಟಿ ಇಟ್ಕೊಳಪ್ಪ, ಹಬ್ ತಂದು ಟೇಬಲ್ ಮೇಲಿಡು, ಕಣ್ಣಲ್ಲಿ ನೋಡದೆ ನಾನು ತೂತು ಹೊಡೆಯಲ್ಲ" ಅಂದರು. ಸರಿಯಾದ ಮಾತು. ಚಕ್ರ ಬಿಚ್ಚಿ ಹಬ್ ಸಮೇತ ತೆಗೆದುಕೊಂಡು ಹೋಗಿ.

ಆದರೂ ಅಳತೆ ನಿಮಗೂ ಗೊತ್ತಿರಲಿ. ಹಿಂದಿನ ಪುಲ್ಲಿಯಲ್ಲಿ ಐದು ಬೋಲ್ಟ್ ಇದ್ದರೆ, ಒಂದು ತೂತಿನ ಬಲ ಅಂಚಿನಿಂದ ಪಕ್ಕದ ತೂತಿನ ಬಲ ಅಂಚಿಗೆ ವರ್ನಿಯರ್ ಅಳತೆಗೋಲು ಹಿಡಿಯಿರಿ, ಬಂದದ್ದನ್ನು 1.701ರಿಂದ ಗುಣಿಸಿ. ನನಗೆ 58.8 ಬಂತು, ಅಂದರೆ ಬೋಲ್ಟುಗಳು ಕೂರುವ ವೃತ್ತ 100 ಎಂಎಂ. ನಾಲ್ಕು ಬೋಲ್ಟಿಗೆ 1.414, ಆರಕ್ಕೆ ನೇರವಾಗಿ 2.

ಮುಂದಿನ ಸ್ಪ್ರಾಕೆಟ್ ಸ್ವಲ್ಪ ಜಾಗ್ರತೆಯ ಕೆಲಸ. ಮೋಟಾರ್ ಶಾಫ್ಟಿನಲ್ಲಿ ಕೀ, ಅಂದರೆ ಪುಲ್ಲಿ ಜಾರದಂತೆ ಹಿಡಿಯುವ ಸಣ್ಣ ಸ್ಟೀಲ್ ತುಂಡು, ಕೂರುವ ಕಚ್ಚು ಇದ್ದರೆ ಸುಲಭ, ಆ ಅಳತೆಗೆ ತೂತು ಮತ್ತು ಕಚ್ಚು ಹೊಡೆಸಿದರೆ ಮುಗಿಯಿತು. ಸುತ್ತ ಹಲ್ಲು ಹಲ್ಲಾಗಿರುವ ಶಾಫ್ಟ್ ಆದರೆ ಅದೇ ಹಲ್ಲಿನ ತೂತು ಬೇಕು. ಆಗ ಇನ್ನೊಂದು ಪುಲ್ಲಿ ಕೊಂಡು, ಅದರ ನಡು ಉಳಿಸಿ ಹೊರಗಿನದನ್ನು ಲೇತ್‌ನಲ್ಲಿ ತೆಗೆಸಿ, ಮೇಲೆ 14 ಹಲ್ಲಿನ ಸ್ಪ್ರಾಕೆಟ್ ಬಿಗಿಯಾಗಿ ಕೂರಿಸಿ ವೆಲ್ಡ್ ಮಾಡಿಸಬೇಕು. ಪುಲ್ಲಿ ಸ್ಟೀಲಿನದೇ ಅಂತ ಮೊದಲು ಆಯಸ್ಕಾಂತ ಹಿಡಿದು ನೋಡಿ, ಅಲ್ಯೂಮಿನಿಯಂ ಆದರೆ ಸ್ಟೀಲ್ ಅದಕ್ಕೆ ವೆಲ್ಡ್ ಹಿಡಿಯುವುದಿಲ್ಲ. ವೆಲ್ಡ್ ಆದ ಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ ನೋಡಲು ಹೇಳಿ. ಓಲಾಟ ಇದ್ದರೆ ಚೈನ್ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಆಗುತ್ತದೆ. ಗಾಡಿ ಜೊತೆ ಬಂದ ಪುಲ್ಲಿಯನ್ನು ಮಾತ್ರ ಕೊಯ್ಯಿಸಬೇಡಿ, ಮತ್ತೆ ಬೆಲ್ಟಿಗೆ ಹೋಗುವ ದಾರಿ ಉಳಿದಿರಲಿ.

ಇನ್ನು ಹೇಳುವುದು ಸುಮಾರು ಜನ ಬಿಟ್ಟುಬಿಡುವ ವಿಷಯ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಪೆಟ್ರೋಲ್ ಬೈಕಿನ ಹಿಂದಿನ ಹಬ್ಬಿನಲ್ಲಿ ಸ್ಪ್ರಾಕೆಟ್ಟಿಗೂ ಚಕ್ರಕ್ಕೂ ಮಧ್ಯೆ ರಬ್ಬರ್ ತುಂಡುಗಳು ಇರುತ್ತವೆ, ಕಪ್ಲಿಂಗ್ ರಬ್ಬರ್ ಅಂತಾರಲ್ಲ, ಅವು. ಆಕ್ಸಿಲರೇಟರ್ ಕೊಟ್ಟಾಗ ಬರುವ ಧಕ್ಕೆಯನ್ನು ಅವು ನುಂಗಿಕೊಳ್ಳುತ್ತವೆ. ಬೆಲ್ಟ್ ಗಾಡಿಯಲ್ಲಿ ಬೆಲ್ಟೇ ಸ್ವಲ್ಪ ಆ ಕೆಲಸ ಮಾಡುವುದರಿಂದ ಕೆಲವಕ್ಕೆ ಆ ರಬ್ಬರ್ ಇಟ್ಟಿರುವುದೇ ಇಲ್ಲ. ಎಲೆಕ್ಟ್ರಿಕ್ ಮೋಟಾರೋ, ನಿಂತಲ್ಲಿಂದಲೇ ಪೂರ್ತಿ ಜೋರು ಕೊಡುತ್ತದೆ. ರಬ್ಬರ್ ಇಲ್ಲದ ಹಬ್ಬಿಗೆ ಸೀದಾ ಚೈನ್ ಹಾಕಿದರೆ ಆ ಹೊಡೆತವೆಲ್ಲ ಮೋಟಾರ್ ಶಾಫ್ಟಿನ ಹಲ್ಲಿಗೆ, ಕೀಗೆ ಬೀಳುತ್ತದೆ. ನಿಮ್ಮ ಗಾಡಿಯಲ್ಲಿ ಇದೆಯಾ ಅಂತ ನೋಡುವುದು ಸುಲಭ. ಒಬ್ಬರು ಚಕ್ರ ಗಟ್ಟಿಯಾಗಿ ಹಿಡಿಯಲಿ, ನೀವು ಹಿಂದಿನ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ. ಸ್ವಲ್ಪವಾದರೂ ಒತ್ತಿಕೊಂಡು ವಾಪಸ್ ಬಂದರೆ ರಬ್ಬರ್ ಇದೆ. ಕಲ್ಲಿನ ಹಾಗೆ ನಿಂತರೆ ಇಲ್ಲ. ಇಲ್ಲದಿದ್ದರೆ ಆಕ್ಸಲ್ ಅಳತೆ ಹೊಂದುವ ಪೆಟ್ರೋಲ್ ಬೈಕಿನ ರಬ್ಬರ್ ಹಬ್ ಹುಡುಕಿ, ಬೇರಿಂಗ್, ಬ್ರೇಕ್ ಡಿಸ್ಕ್ ಜಾಗ ನೋಡಿ ಕೂರಿಸಬೇಕು. ಖರ್ಚು ಜಾಸ್ತಿ, ನಿಜ, ಆದರೆ ಮೋಟಾರ್ ಶಾಫ್ಟ್ ಹಾಳಾದರೆ ಆಗುವ ಖರ್ಚಿನ ಮುಂದೆ ಇದು ಏನೂ ಅಲ್ಲ.

ಇನ್ನು ಜೋಡಿಸುವ ದಿನ. ಮೊದಲು ಗಾಡಿಯ ಬೀಗದ ಕೀ ತೆಗೆದು ಜೇಬಿಗೆ ಹಾಕಿ, ಬ್ಯಾಟರಿಯ ಎಂಸಿಬಿ (ಮೇನ್ ಸ್ವಿಚ್) ಆಫ್ ಮಾಡಿ, ಹತ್ತು ನಿಮಿಷ ಬಿಡಿ, ಕಂಟ್ರೋಲರ್ ಒಳಗೆ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ಎಲೆಕ್ಟ್ರಿಕ್ ಗಾಡಿ ಆನ್ ಆಗಿದೆಯೋ ಇಲ್ಲವೋ ಕಿವಿಗೆ ಗೊತ್ತಾಗುವುದಿಲ್ಲ. ಯಾರೋ ಸುಮ್ನೆ ಆಕ್ಸಿಲರೇಟರ್ ಮುಟ್ಟಿದರೆ ಚೈನು ನಿಮ್ಮ ಬೆರಳನ್ನು ಸ್ಪ್ರಾಕೆಟ್ ಒಳಗೆ ಎಳೆದುಕೊಂಡು ಹೋಗುತ್ತದೆ. ಮಕ್ಕಳು ಹತ್ತಿರ ಇದ್ದರೆ ಕೆಲಸವೇ ಶುರು ಮಾಡಬೇಡಿ.

ಆಕ್ಸಲ್ ಸಡಿಲಿಸಿ ಚಕ್ರ ಮುಂದೆ ತಳ್ಳಿದರೆ ಬೆಲ್ಟ್ ಬರುತ್ತದೆ. ಎರಡೂ ಸ್ಪ್ರಾಕೆಟ್ ಕೂರಿಸಿದ ಮೇಲೆ ಅವು ಒಂದೇ ಗೆರೆಯಲ್ಲಿವೆಯಾ ನೋಡಬೇಕು. ಬೆಲ್ಟ್ ಅಗಲ, ಚೈನ್ ಸಪೂರ, ಹಾಗಾಗಿ ಮೊದಲ ಸಲಕ್ಕೇ ಸರಿ ಕೂರುವುದು ಅಪರೂಪ. ಗಾರೆಯವರ ನೈಲಾನ್ ದಾರ ತಂದು ಹಿಂದಿನ ಸ್ಪ್ರಾಕೆಟ್ಟಿನ ಮುಖಕ್ಕೆ ಎರಡು ಕಡೆ ತಾಗುವಂತೆ ಬಿಗಿಯಾಗಿ ಹಿಡಿದು ಮುಂದಿನದರ ತನಕ ಎಳೆಯಿರಿ. ಮುಂದೆ 1 ಎಂಎಂಗಿಂತ ಜಾಸ್ತಿ ವ್ಯತ್ಯಾಸ ಕಂಡರೆ ಸ್ಪೇಸರ್ ಮತ್ತೆ ಲೇತ್‌ಗೆ. ನಾನು ಎರಡು ಸಲ ಹಾಸನಕ್ಕೆ ಹೋದೆ, ಎರಡನೇ ಸಲ ಬರೀ 2 ಎಂಎಂ ತೆಗೆಸಲು. ಹಿಂದಿನ ಚಕ್ರ ಹಿಡಿದಿರುವ ಕೈಯಂಥ ಭಾಗ, ಅಂದರೆ ಸ್ವಿಂಗ್ ಆರ್ಮ್, ಅದರ ಮೇಲಿರುವ ಗೆರೆ ಗುರುತು ನಂಬಬೇಡಿ. ಸ್ವಿಂಗ್ ಆರ್ಮ್ ತಿರುಗುವ ಬೋಲ್ಟಿನಿಂದ ಆಕ್ಸಲ್ ತನಕ ಎರಡೂ ಕಡೆ ಟೇಪ್ ಹಿಡಿದು ಸಮ ಮಾಡಿ.

ಚೈನ್ ಎಷ್ಟು ಲಿಂಕ್ ಬೇಕು ಅನ್ನುವುದಕ್ಕೆ ನನ್ನ ಲೆಕ್ಕ ಹೇಳುತ್ತೇನೆ. ಎರಡು ಶಾಫ್ಟಿನ ನಡುವಿನ ದೂರ 520 ಎಂಎಂ. ಅದರ ಎರಡರಷ್ಟನ್ನು 12.7ರಿಂದ ಭಾಗಿಸಿದರೆ 81.9. ಎರಡೂ ಸ್ಪ್ರಾಕೆಟ್ಟಿನ ಹಲ್ಲು ಕೂಡಿಸಿ ಅರ್ಧ ಮಾಡಿದರೆ 35. ಒಂದು ದೊಡ್ಡದು, ಒಂದು ಚಿಕ್ಕದು ಆಗಿರುವುದಕ್ಕೆ ಇನ್ನೊಂದು ಸುಮಾರು 1.1 ಸೇರುತ್ತದೆ. ಒಟ್ಟು 118. ಲಿಂಕ್ ಯಾವಾಗಲೂ ಸಮಸಂಖ್ಯೆಯಲ್ಲೇ ಬರಬೇಕು, ಬೆಸ ಬಂದರೆ ಒಂದು ಏರಿಸಿ ಆಕ್ಸಲ್ ಹಿಂದಕ್ಕೆ ಎಳೆಯಿರಿ. ಚೈನ್ ಲಾಕಿನ ಕ್ಲಿಪ್ ಹಾಕುವಾಗ ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಲಿ. ಮೇಲಿನ ಚೈನು ಸ್ವಿಂಗ್ ಆರ್ಮಿಗೆ ತಾಗುತ್ತದಾ ಅಂತಲೂ ನೋಡಿ, ತಾಗುವಂತಿದ್ದರೆ ನೈಲಾನ್ ಪಟ್ಟಿ ಹಾಕಿಸಿ. ಚೈನ್ ಕವರ್ ಇಲ್ಲದೆ ಓಡಿಸಬೇಡಿ, ಸೀರೆ, ಪಂಚೆ ಉಟ್ಟವರು ಹಿಂದೆ ಕೂರುತ್ತಾರೆ.

ಬಿಗಿ ಮಾಡುವಾಗ ಬೆಲ್ಟಿನ ಅಭ್ಯಾಸ ಮರೆಯಿರಿ. ಬೆಲ್ಟ್ ತಂತಿಯ ಹಾಗೆ ಬಿಗಿಯಾಗಿರಬೇಕು, ಚೈನ್ ಹಾಗಿದ್ದರೆ ಮೋಟಾರ್ ಬೇರಿಂಗ್ ಹೋಗುತ್ತದೆ. ಗಾಡಿ ಮೇಲೆ ಒಬ್ಬರನ್ನು ಕೂರಿಸಿ, ಕೆಳಗಿನ ಚೈನಿನ ಮಧ್ಯಭಾಗ ಬೆರಳಲ್ಲಿ ಎತ್ತಿ ಇಳಿಸಿದರೆ 25 ಎಂಎಂ ಆಟ ಇರಬೇಕು. ಚಕ್ರ ತಿರುಗಿಸುತ್ತಾ ನಾಲ್ಕು ಜಾಗದಲ್ಲಿ ನೋಡಿ, ಎಲ್ಲಿ ಅತಿ ಬಿಗಿಯೋ ಅಲ್ಲಿಗೆ ಈ ಲೆಕ್ಕ. ಇದಕ್ಕಿಂತ ಸಡಿಲ ಬಿಟ್ಟರೂ ತೊಂದರೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಬ್ಯಾಟರಿಗೆ ವಾಪಸ್ ಚಾರ್ಜ್ ಆಗುವ ಗಾಡಿಗಳಲ್ಲಿ ಎಳೆತ ಮೇಲಿನ ಚೈನಿನಿಂದ ಕೆಳಗಿನದಕ್ಕೆ ಬದಲಾಗುತ್ತದೆ. ಸಡಿಲ ಜಾಸ್ತಿ ಇದ್ದರೆ ಪ್ರತಿ ಸಲ ಟಕ್ ಅಂತ ಹೊಡೆಯುತ್ತದೆ. ಚಾರ್ಮಾಡಿ ಇಳಿಯುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಸೆಟ್ಟಿಂಗ್ ಇದ್ದರೆ ಆ ವಾಪಸ್ ಚಾರ್ಜ್ ಒಂದು ಹಂತ ಕಮ್ಮಿ ಮಾಡಿ, ನಾನು ಮಾಡಿದ್ದೇನೆ.

ಮೊದಲ 100 ಕಿಲೋಮೀಟರ್ ಆದ ಮೇಲೆ ಬೋಲ್ಟುಗಳನ್ನೂ ಚೈನಿನ ಆಟವನ್ನೂ ಮತ್ತೆ ನೋಡಿ, ಹೊಸ ಚೈನ್ ಸ್ವಲ್ಪ ಎಳೆದುಕೊಳ್ಳುತ್ತದೆ. ಆಮೇಲೆ 500 ಕಿಲೋಮೀಟರಿಗೆ ಒಮ್ಮೆ ಎಣ್ಣೆ, ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ. ಸೀಮೆಎಣ್ಣೆ ಬ್ರಶ್ಶಿನಲ್ಲಿ ಕೆಸರು ತೊಳೆದು, ಒರೆಸಿ, 90 ನಂಬರ್ ಗೇರ್ ಆಯಿಲನ್ನು ಕೆಳಗಿನ ಚೈನಿನ ಒಳಮುಖಕ್ಕೆ ಹನಿ ಹನಿಯಾಗಿ ಬಿಡಿ. ಚಕ್ರ ಕೈಯಲ್ಲೇ ತಿರುಗಿಸಿ, ಎಂಸಿಬಿ ಆಫ್ ಇರಲಿ. ತಿಂಗಳಿಗೊಮ್ಮೆ ಚೈನ್ ಎಳೆದು ಹಿಡಿದು 20 ಲಿಂಕ್ ಅಳೆಯಿರಿ. ಹೊಸದರಲ್ಲಿ 254 ಎಂಎಂ ಇರುತ್ತದೆ, 259 ಮುಟ್ಟಿದರೆ ಚೈನ್ ಮುಗಿಯಿತು. ಅಷ್ಟು ಹೊತ್ತಿಗೆ ಸ್ಪ್ರಾಕೆಟ್ ಹಲ್ಲುಗಳೂ ಕೊಕ್ಕೆಯಾಗಿರುತ್ತವೆ, ಮೂರನ್ನೂ ಒಟ್ಟಿಗೇ ಬದಲಾಯಿಸಿ. 56 ಹಲ್ಲಿನದನ್ನು ಮೊದಲ ಸಲವೇ ಎರಡು ಮಾಡಿಸಿ ಒಂದನ್ನು ಗ್ರೀಸ್ ಹಚ್ಚಿ ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.